ಪ್ರತಿಕ್ರಿಯೆ: ಮೊಟ್ಟೆ ಬಿಟ್ಟರೂ ಯಜಮಾನರ ಎಲ್‌ಡಿಎಲ್ (ಕೆಟ್ಟ ಕೊಲೆಸ್ಟರಾಲ್) 168ರಿಂದ ಇಳಿಯುತ್ತಿಲ್ಲ

ಮೊಟ್ಟೆಗಿಂತ ನನಗೆ ಅನುಮಾನ ನೀವು ಬರೆದ ಇನ್ನೆರಡರ ಮೇಲೆ: ದಿನಾ ತೆಂಗಿನೆಣ್ಣೆ ಅಡುಗೆ, ಸಂಜೆ ಕಾಫಿ ಜೊತೆ ಬೇಕರಿ ಖಾರಾ ಬಿಸ್ಕತ್ತು. ಎಲ್‌ಡಿಎಲ್ ಏರಿಸುವುದರಲ್ಲಿ ಆಹಾರದ ಕೊಲೆಸ್ಟರಾಲ್‌ಗಿಂತ ಸ್ಯಾಚುರೇಟೆಡ್ ಕೊಬ್ಬಿನ (ತಣ್ಣಗಾದರೆ ಗಟ್ಟಿಯಾಗುವ ಬಗೆ) ಪಾಲು ದೊಡ್ಡದು. ತೆಂಗಿನೆಣ್ಣೆಯಲ್ಲಿ ಅದು ಸುಮಾರು 90%, ಬೇಕರಿ ತಿಂಡಿಗೆ ಹೆಚ್ಚಾಗಿ ಬಳಸುವ ಪಾಮ್ ಎಣ್ಣೆಯಲ್ಲಿ ಹತ್ತಿರ ಹತ್ತಿರ ಅರ್ಧ.

ಮೊದಲು ಬೇಕರಿ ತಿಂಡಿ ಮನೆಗೆ ತರುವುದನ್ನೇ ನಿಲ್ಲಿಸಿ. ಅವರೊಬ್ಬರಿಗೆ ನಿಷೇಧ, ಮಕ್ಕಳಿಗೆ ಡಬ್ಬಿ ತುಂಬಾ ಅಂದರೆ ನಡೆಯಲ್ಲ. ಆಮೇಲೆ ಒಗ್ಗರಣೆಯನ್ನು ಸೂರ್ಯಕಾಂತಿ ಅಥವಾ ಕಡಲೆಕಾಯಿ ಎಣ್ಣೆಗೆ ಬದಲಿಸಿ, ತಲೆಗೆ ತಿಂಗಳಿಗೆ ಅರ್ಧ ಲೀಟರ್ ಲೆಕ್ಕದಲ್ಲಿ ತನ್ನಿ; ಮುಗಿದರೆ ಮುಗಿಯಿತು. ಕಾಯಿತುರಿ ಪೂರ್ತಿ ಬಿಡಬೇಕಿಲ್ಲ (ಬಿಡಿ ಅಂದರೂ ಯಾರು ಬಿಡುತ್ತಾರೆ!). ಅದರಲ್ಲಿ ನಾರೂ ಇರುವುದರಿಂದ ಎಣ್ಣೆಯಷ್ಟು ತೊಂದರೆ ಕೊಡಲಿಕ್ಕಿಲ್ಲ, ಆದರೂ ಅರ್ಧಕ್ಕಿಳಿಸಿ; ಉಳಿದದ್ದಕ್ಕೆ ಹುರಿಗಡಲೆ ರುಬ್ಬಿದರೆ ಹುಳಿ ಗಟ್ಟಿಯಾಗುತ್ತದೆ. ಅನ್ನ ತಗ್ಗಿಸಿ ಹುರುಳಿ, ಅಲಸಂದೆ, ಬೆಂಡೆ, ಬೆಳಿಗ್ಗೆ ಓಟ್ಸ್ ಹೆಚ್ಚಿಸಿ. ಇವುಗಳ ಕರಗುವ ನಾರು ಎಲ್‌ಡಿಎಲ್ ಅನ್ನು ಸ್ವಲ್ಪ ಇಳಿಸುತ್ತದೆ.

ಊಟದ ನಂತರದ ಅಡ್ಡಾಟ ಸಾಲದು. ವಾರಕ್ಕೆ 150 ನಿಮಿಷ, ಮಾತಾಡಬಹುದು ಆದರೆ ಹಾಡಲಾಗದು ಅನ್ನುವಷ್ಟು ಬಿರುಸಾಗಿ ನಡೆಯಲಿ. ಇದರಿಂದ ಹೆಚ್ಚು ಇಳಿಯುವುದು ಟ್ರೈಗ್ಲಿಸರೈಡ್ (ರಕ್ತದಲ್ಲಿರುವ ಇನ್ನೊಂದು ಬಗೆಯ ಕೊಬ್ಬು), ಎಲ್‌ಡಿಎಲ್ ಅಷ್ಟಾಗಿ ಅಲ್ಲ.

ಮೂರು ತಿಂಗಳ ನಂತರ ಮತ್ತೆ ಪರೀಕ್ಷೆ ಮಾಡಿಸಿ, ಟಿಎಸ್‌ಎಚ್ (ಥೈರಾಯ್ಡ್ ಪರೀಕ್ಷೆ) ಸಮೇತ. ಥೈರಾಯ್ಡ್ ಮಂದವಾದರೂ ಎಲ್‌ಡಿಎಲ್ ಏರುತ್ತದೆ. ನಿಮ್ಮ ಮನೆಯಲ್ಲಿ ಅದೇ ಕಾರಣವಿರಲೂಬಹುದು. ಅವರಿಗೆ ಸಕ್ಕರೆ ಕಾಯಿಲೆ ಇದ್ದರೆ, ಅಥವಾ ಮನೆತನದಲ್ಲಿ ಚಿಕ್ಕ ವಯಸ್ಸಿಗೆ ಹೃದಯಾಘಾತ ಆಗಿದ್ದರೆ ಕಾಯಬೇಡಿ, ಈ ವಾರವೇ ವೈದ್ಯರ ಬಳಿ ಕೊಲೆಸ್ಟರಾಲ್ ಇಳಿಸುವ ಮಾತ್ರೆಯ ವಿಷಯ ಕೇಳಿ.