38 ಷೇರುಗಳ ಪೋರ್ಟ್‌ಫೋಲಿಯೋ ಇದೆ. ದಿನಾ ಬೈ-ಸೆಲ್ ಸಿಗ್ನಲ್ ತೆಗೆಯಲು ಯಾವ ಸ್ಕ್ರೀನರ್ ಸಾಫ್ಟ್‌ವೇರ್ ಒಳ್ಳೆಯದು? ದುಡ್ಡು ಕೊಟ್ಟು ತಗೊಳ್ಳಬೇಕಾ?

"38 ಷೇರು" ಅನ್ನೋದನ್ನ ಓದಿ ನಗು ಬಂತು. ಬೇಜಾರು ಮಾಡ್ಕೋಬೇಡಿ, ನನ್ನ ಹತ್ತಿರ 34 ಇದ್ದವು. ಒಳ್ಳೆ ಸಾಫ್ಟ್‌ವೇರ್ ಒಂದು ಸಿಕ್ಕಿದರೆ ಯಾವುದನ್ನು ಇಟ್ಟುಕೊಳ್ಳಬೇಕು, ಯಾವುದನ್ನು ಮಾರಬೇಕು ಅಂತ ಅದೇ ಹೇಳುತ್ತೆ ಅಂತ ನಾನೂ ನಂಬಿದ್ದೆ. ಹೇಳಿತು ಕೂಡ. ಏಳು ತಿಂಗಳು ದಿನಾ ಹೇಳಿತು. ಅದನ್ನು ಕೇಳಿದ್ದಕ್ಕೆ ನನಗೆ ಬಿದ್ದ ಖರ್ಚು ಒಂದೂವರೆ ಕ್ವಿಂಟಲ್ ರಾಶಿ ಅಡಿಕೆ (ಮಂಡಿಯಲ್ಲಿ ಮಾರೋ ಅಡಿಕೆಯ ಒಂದು ಬಗೆ).

ಅಡಿಕೆ ಲೆಕ್ಕ ಯಾಕೆ ಅಂದರೆ ದುಡ್ಡು ಬಂದದ್ದೇ ಅಲ್ಲಿಂದ. ನಮ್ಮ ಊರು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವ ದಾರಿಯಲ್ಲಿ. ನಾನು ಶಿವಮೊಗ್ಗದ ದುರ್ಗಿಗುಡಿಯಲ್ಲಿ ಒಂದು ಆಡಿಟರ್ ಆಫೀಸಿನಲ್ಲಿ ಕೆಲಸಕ್ಕಿದ್ದೇನೆ. 2022ರ ಕೊನೆಗೆ ಅಪ್ಪಯ್ಯ ಆರು ಕ್ವಿಂಟಲ್ ರಾಶಿ ಮಂಡಿಗೆ ಹಾಕಿದರು. ಮೂರು ಲಕ್ಷಕ್ಕೆ ಸ್ವಲ್ಪ ಕಡಿಮೆ ಬಂತು. ಮುಂದಿನ ಕೊಯ್ಲಿಗೆ ಅಡಿಕೆ ಸುಲಿಯೋ ಮಷಿನ್ ತಗೊಳ್ಳೋಣ, ಅಲ್ಲಿವರೆಗೆ ನಿನ್ನ ಹತ್ತಿರ ಇರಲಿ ಅಂತ ನನ್ನ ಖಾತೆಗೆ ಹಾಕಿಸಿದರು. ಸುಮ್ನೆ ಬ್ಯಾಂಕಲ್ಲಿ ಬಿದ್ದಿರೋದು ಯಾಕೆ ಅಂತ ಷೇರಿಗೆ ಹಾಕಿದೆ. ಎಲ್ಲ ಅನಾಹುತವೂ ಹಿಂಗೇ ಶುರುವಾಗೋದು, ಅಲ್ವಾ?

ನನ್ನ ಸ್ಕ್ಯಾನ್, ಅಂದರೆ ಷೇರು ಸೋಸೋಕೆ ಸ್ಕ್ರೀನರಿಗೆ ಕೊಟ್ಟ ಷರತ್ತು, ಬಹಳ ಸರಳ. ನಿನ್ನೆಯ ಕ್ಲೋಸಿಂಗ್ (ದಿನ ಮುಗಿದಾಗಿನ ಬೆಲೆ) 50 ದಿನದ ಮೂವಿಂಗ್ ಆವರೇಜ್‌ಗಿಂತ (50 ದಿನದ ಕ್ಲೋಸಿಂಗ್ ಬೆಲೆಗಳ ಸರಾಸರಿ) ಕೆಳಗಿರಬೇಕು, ಇವತ್ತಿನ ಕ್ಲೋಸಿಂಗ್ ಅದಕ್ಕಿಂತ ಮೇಲಿರಬೇಕು, 14 ದಿನದ ಆರ್‌ಎಸ್‌ಐ (ಬೆಲೆಯ ಏರಿಳಿತದ ಬಲವನ್ನು 0ರಿಂದ 100ರೊಳಗೆ ಅಳೆಯೋ ಅಂಕಿ) 55 ದಾಟಿರಬೇಕು. ಇದು ಕೊಳ್ಳೋಕೆ. ಮಾರೋಕೆ ಇದರ ಉಲ್ಟಾ: ಕ್ಲೋಸಿಂಗ್ 50 ದಿನದ ಸರಾಸರಿಗಿಂತ ಕೆಳಗೆ ಬಂದರೆ ಮರುದಿನ ಬೆಳಗ್ಗೆ ಹೊರಗೆ. ನನ್ನ 34 ಷೇರುಗಳನ್ನು ಒಂದು ವಾಚ್‌ಲಿಸ್ಟ್ ಮಾಡಿ, ಅದರ ಜೊತೆ 500 ದೊಡ್ಡ ಕಂಪನಿಗಳ ನಿಫ್ಟಿ 500 ಪಟ್ಟಿಯನ್ನೂ ಸೇರಿಸಿ ಓಡಿಸಿದೆ. ಹಿಂದಿನ ಐದು ವರ್ಷದ ಬ್ಯಾಕ್‌ಟೆಸ್ಟ್, ಅಂದರೆ ಇದೇ ಷರತ್ತನ್ನು ಹಳೆ ಬೆಲೆಗಳ ಮೇಲೆ ಹಾಕಿ ನೋಡಿದ್ದು, ಚೆನ್ನಾಗೇ ಬಂತು. ಹತ್ತರಲ್ಲಿ ಆರು ಸಲ ಲಾಭ. ಗ್ರಾಫ್ ಎಡಗಡೆಯಿಂದ ಬಲಗಡೆಗೆ ಆಗುಂಬೆ ಘಾಟಿ ಹತ್ತಿದ ಹಾಗೆ ಹತ್ತಿತ್ತು. ಆ ಗ್ರಾಫಿನ ಫೋಟೋವನ್ನು ನಮ್ಮ ಭಾವನಿಗೆ ಕಳಿಸಿದೆ. ಅಕ್ಕನ ಗಂಡ, ಅವರಿಗೂ ಷೇರಿನ ಹುಚ್ಚು. ಅವರೂ ಅದೇ ಸ್ಕ್ಯಾನ್ ಹಾಕಿಕೊಂಡರು.

ಈಗ ತಪ್ಪಿಗೆ ಬರ್ತೇನೆ. ಸ್ವಲ್ಪ ಉದ್ದ ಆಗುತ್ತೆ, ಆದರೆ ಇದೊಂದು ಅರ್ಥ ಆದರೆ ಸಾಕು, ಉಳಿದಿದ್ದನ್ನು ಓದದೇ ಬಿಟ್ಟರೂ ನಡೆಯುತ್ತೆ.

ನಮ್ಮ ಆಫೀಸಿನಲ್ಲಿ ಟೀ ಬರೋದು 11 ಗಂಟೆಗೆ. ಮೊಬೈಲ್ ಕೈಗೆ ತಗೊಳ್ಳೋಕೆ ಪುರುಸೊತ್ತು ಸಿಗೋದೂ ಆಗಲೇ. ಹಾಗಾಗಿ ನಾನು ಸ್ಕ್ಯಾನ್ ಓಡಿಸ್ತಾ ಇದ್ದದ್ದು 11ಕ್ಕೆ. ಒಂದು ಕೈಯಲ್ಲಿ ಟೀ ಲೋಟ, ಇನ್ನೊಂದು ಕೈಯಲ್ಲಿ ಆರ್ಡರ್. ಮಾರುಕಟ್ಟೆ ತೆರೆಯೋದು 9:15ಕ್ಕೆ, ಮುಚ್ಚೋದು 3:30ಕ್ಕೆ. 11 ಗಂಟೆಗೆ "ಇವತ್ತಿನ ಕ್ಲೋಸಿಂಗ್" ಅನ್ನೋದು ಈ ಪ್ರಪಂಚದಲ್ಲಿ ಎಲ್ಲೂ ಇಲ್ಲ! ಅದು ಹುಟ್ಟೋಕೆ ಇನ್ನೂ ನಾಲ್ಕೂವರೆ ಗಂಟೆ ಇದೆ. ಸಾಫ್ಟ್‌ವೇರ್ ಏನು ಮಾಡುತ್ತೆ? ಆ ಕ್ಷಣದ ಬೆಲೆಯನ್ನೇ ಕ್ಲೋಸಿಂಗ್ ಜಾಗದಲ್ಲಿ ಇಟ್ಟುಕೊಂಡು ಲೆಕ್ಕ ಹಾಕುತ್ತೆ. ಅದರ ತಪ್ಪಲ್ಲ. ನಾನು ಕೇಳಿದ್ದಕ್ಕೆ ಅದು ತನ್ನ ಹತ್ತಿರ ಇದ್ದದ್ದನ್ನು ಕೊಟ್ಟಿತು.

ಒಂದು ಷೇರಿನ ಲೆಕ್ಕ ಹೇಳ್ತೇನೆ, ನನ್ನ ನೋಟ್‌ಬುಕ್ಕಿನಲ್ಲಿ ಹಂಗೇ ಇದೆ. ಹಿಂದಿನ ದಿನ 412ಕ್ಕೆ ಮುಗಿದಿತ್ತು. 50 ದಿನದ ಸರಾಸರಿ 418. ಬೆಳಗ್ಗೆ 11ಕ್ಕೆ 421 ಇತ್ತು. ಸರಾಸರಿ ದಾಟಿದೆ, ಆರ್‌ಎಸ್‌ಐ 56, ಪಟ್ಟಿಯಲ್ಲಿ ಹಸಿರು. 120 ಷೇರು ಕೊಂಡೆ, 50,520 ರೂಪಾಯಿ. ಮಧ್ಯಾಹ್ನ ಊಟದ ಹೊತ್ತಿಗೆ 417. ಸಂಜೆ ಕ್ಲೋಸಿಂಗ್ 414. ಅಂದರೆ ಕ್ಲೋಸಿಂಗ್ ಲೆಕ್ಕದಲ್ಲಿ ಆ ದಿನ ಆ ಷೇರು ಸರಾಸರಿಯನ್ನು ದಾಟಲೇ ಇಲ್ಲ. ಬ್ಯಾಕ್‌ಟೆಸ್ಟಿನ ಲೆಕ್ಕದಲ್ಲಿ ಆ ದಿನ ಅಲ್ಲಿ ಸಿಗ್ನಲ್ಲೇ ಇಲ್ಲ. ಆದರೆ ನನ್ನ ಡಿಮ್ಯಾಟಿನಲ್ಲಿ 120 ಷೇರು ಇವೆ. ಮಜಾ ನೋಡಿ, ಮರುದಿನ ಬೆಳಗ್ಗೆ ನನ್ನದೇ ಮಾರೋ ಸ್ಕ್ಯಾನ್ "ಇದು ಸರಾಸರಿಗಿಂತ ಕೆಳಗಿದೆ, ಮಾರು" ಅಂತು. 411ಕ್ಕೆ ಮಾರಿದೆ. 1,200 ರೂಪಾಯಿ ಹೋಯಿತು. ಕೊಳ್ಳುವಾಗ 0.1%, ಮಾರುವಾಗ 0.1% ಎಸ್‌ಟಿಟಿ (ಷೇರು ವಹಿವಾಟಿನ ಮೇಲಿನ ತೆರಿಗೆ), ಸ್ಟ್ಯಾಂಪ್ ಡ್ಯೂಟಿ, ಮಾರಿದ್ದಕ್ಕೆ ಡಿಪಿ ಚಾರ್ಜು (ಡಿಮ್ಯಾಟ್ ಖಾತೆಯ ಶುಲ್ಕ), ಎಲ್ಲ ಸೇರಿ ಇನ್ನೊಂದು ನೂರಿಪ್ಪತ್ತೈದು. ಹಿಂಗೆ 83 ಸಲ. ಎಸ್‌ಟಿಟಿ ಒಂದೇ ಎಂಟು ಸಾವಿರ ದಾಟಿತ್ತು.

ಮದುವೆ ಮನೆಯಲ್ಲಿ ಊಟಕ್ಕೆ ಕೂತವರ ಎಲೆ ಎಣಿಸೋದು ಬೇರೆ, ಬೆಳಗ್ಗೆ ಚಪ್ಪರದ ಹತ್ತಿರ ಸುಳಿದಾಡಿದವರನ್ನೆಲ್ಲ ಎಣಿಸೋದು ಬೇರೆ. ಬ್ಯಾಕ್‌ಟೆಸ್ಟ್ ಎಲೆ ಎಣಿಸಿತ್ತು, 3:30ರವರೆಗೆ ನಿಂತವರದ್ದು ಮಾತ್ರ. ನಾನು ಚಪ್ಪರದಲ್ಲಿ ಸುಳಿದವರಿಗೆಲ್ಲ ಎಲೆ ಹಾಕಿ ಬಡಿಸಿದ್ದೆ.

ಇಷ್ಟೇ ಅಲ್ಲ, ಇದರಲ್ಲಿ ಇನ್ನೊಂದು ಪದರ ಇದೆ. ಸಂಜೆವರೆಗೆ ನಿಂತ ಷೇರನ್ನು ಬ್ಯಾಕ್‌ಟೆಸ್ಟ್ ಯಾವ ಬೆಲೆಗೆ ಕೊಂಡಂತೆ ಬರೆದುಕೊಂಡಿತ್ತು? ಅದೇ ದಿನದ ಕ್ಲೋಸಿಂಗ್ ಬೆಲೆಗೆ. ಎನ್‌ಎಸ್‌ಇ ಷೇರುಪೇಟೆಯಲ್ಲಿ ಆಗ ಕ್ಲೋಸಿಂಗ್ ಅಂದರೆ 3ರಿಂದ 3:30ರವರೆಗೆ ಯಾವ ಬೆಲೆಗೆ ಎಷ್ಟು ಷೇರು ಕೈಬದಲಾಯಿತು ಅಂತ ತೂಗಿ ತೆಗೆದ ಸರಾಸರಿ ಬೆಲೆ. ಅದು ಎಷ್ಟು ಅಂತ ಗೊತ್ತಾಗೋ ಹೊತ್ತಿಗೆ ದಿನದ ಮಾಮೂಲಿ ವಹಿವಾಟು ಮುಗಿದಿರುತ್ತೆ. ನೀವು ಸಾಮಾನ್ಯವಾಗಿ ಕೊಳ್ಳೋದು ಮರುದಿನ ಬೆಳಗ್ಗೆ ತೆರೆದ ಬೆಲೆಗೆ. ರಾತ್ರಿ ಒಳ್ಳೆ ಸುದ್ದಿ ಬಂದಿದ್ದರೆ ಅದು ಎರಡು ಪರ್ಸೆಂಟ್ ಮೇಲೇ ತೆರೆಯಬಹುದು. ನನ್ನ ಆ ಚಂದದ ಗ್ರಾಫು ನನಗೆ ಸಿಗದ ಬೆಲೆಯಲ್ಲಿ ಕೊಂಡು ಹತ್ತಿದ ಘಾಟಿ.

ಆರ್‌ಎಸ್‌ಐ ಮಾಡಿದ ವೆಲ್ಸ್ ವೈಲ್ಡರ್ ಅದನ್ನು ಪ್ರಕಟಿಸಿದ್ದು 1978ರಲ್ಲಿ. ದಿನದ ಕ್ಲೋಸಿಂಗ್ ಬರೆದಿಟ್ಟುಕೊಂಡು ಕಾಗದದ ಮೇಲೆ ಲೆಕ್ಕ ಹಾಕೋ ಕಾಲ ಅದು. 14 ದಿನ ಅಂದರೆ ಮುಗಿದ 14 ದಿನ. ನಾನು ಹದಿಮೂರೂ ಕಾಲು ದಿನಕ್ಕೆ ಹಾಕ್ತಾ ಇದ್ದೆ.

ಇದು ನನಗೆ ಹೊಳೆದದ್ದು ಬುದ್ಧಿಯಿಂದ ಅಲ್ಲ, ಮಳೆಯಿಂದ. 2023ರ ಜುಲೈ. ಭಾನುವಾರ ಊರಿಗೆ ಹೋದವನು ಸೋಮವಾರ ವಾಪಸ್ ಬರೋಕಾಗಲಿಲ್ಲ, ರಸ್ತೆಗೆ ಮರ ಬಿದ್ದಿತ್ತು. ಕರೆಂಟ್ ಬೆಳಗ್ಗೆಯೇ ಹೋಗಿತ್ತು, ಟವರ್ ಸತ್ತಿತ್ತು. 11 ಗಂಟೆಗೆ ಕೈ ತುರಿಸ್ತಾ ಜಗಲಿಯಲ್ಲಿ ಕೂತಿದ್ದೆ. ಅಪ್ಪಯ್ಯ ಅಡಿಕೆಗೆ ಎರಡನೇ ಸಲದ ಬೋರ್ಡೋ ದ್ರಾವಣ ಹೊಡೆಯೋಕೆ ಮಳೆ ಬಿಡ್ತಾ ಇಲ್ಲ, ಕೊಳೆ ರೋಗ ಬರುತ್ತೆ ಅಂತ ಬಯ್ಯುತ್ತಾ ಓಡಾಡ್ತಾ ಇದ್ದರು. ಸಂಜೆ ಆರೂ ಮುಕ್ಕಾಲಿಗೆ ಟವರ್ ಬಂತು. ಮೊಬೈಲಲ್ಲಿ 18 ಪರ್ಸೆಂಟ್ ಚಾರ್ಜು. ಬೆಳಗ್ಗೆ 11:05ಕ್ಕೆ ಭಾವ ಕಳಿಸಿದ್ದ ಸ್ಕ್ರೀನ್‌ಶಾಟ್ ಆಗ ಬಂದು ಬಿತ್ತು. ಒಂಬತ್ತು ಹೆಸರು. ಕೆಳಗೆ "ಇವತ್ತು ಹಬ್ಬ" ಅಂತ ಬರೆದಿದ್ದರು. ನಾನು ಅದೇ ಸ್ಕ್ಯಾನ್ ಒತ್ತಿದೆ. ಎರಡು ಹೆಸರು ಬಂತು.

ಮೊದಲು ಸಾಫ್ಟ್‌ವೇರ್ ಕೆಟ್ಟಿದೆ ಅಂದುಕೊಂಡೆ. ಮತ್ತೆ ಒತ್ತಿದೆ. ಎರಡೇ. ಕಾಣೆಯಾದ ಏಳರ ಚಾರ್ಟನ್ನು ಒಂದೊಂದೇ ತೆಗೆದು ನೋಡ್ತಾ ಹೋದೆ. ನೋಡಿದ್ದೆಲ್ಲವೂ ಬೆಳಗ್ಗೆ ಸರಾಸರಿಯ ಮೇಲೆ ತಲೆ ಎತ್ತಿ ಮಧ್ಯಾಹ್ನ ಕೆಳಗೆ ಕೂತಿದ್ದವು. ಕ್ಯಾಂಡಲ್ಲಿನ (ಚಾರ್ಟಿನಲ್ಲಿ ಒಂದು ದಿನದ ಬೆಲೆಯ ಏರಿಳಿತ ತೋರಿಸೋ ಗುರುತು) ಮೇಲಿನ ಕಡ್ಡಿ ಉದ್ದಕ್ಕೆ ಎದ್ದು ಕಾಣ್ತಾ ಇತ್ತು. ಐದನೆಯದು ನೋಡುವಾಗ ಮೊಬೈಲ್ ಆಫ್ ಆಯಿತು.

ಶಿವಮೊಗ್ಗಕ್ಕೆ ಬಂದು ಎರಡು ರಾತ್ರಿ ಕೂತು 83 ವಹಿವಾಟನ್ನೂ ಹಳೆ ಚಾರ್ಟಿನ ಜೊತೆ ತಾಳೆ ಹಾಕಿದೆ. ಸಂಜೆವರೆಗೆ ಷರತ್ತು ಉಳಿದದ್ದು 37ರಲ್ಲಿ ಮಾತ್ರ. ಅವುಗಳಿಂದ ಒಂಬತ್ತು ಸಾವಿರದಷ್ಟು ಲಾಭ ಇತ್ತು. ಉಳಿದ 46 ಸಿಗ್ನಲ್ಲೇ ಅಲ್ಲ, ಅವು 79 ಸಾವಿರ ತಿಂದಿದ್ದವು. ನಿವ್ವಳ ಎಪ್ಪತ್ತು ಸಾವಿರ ನಷ್ಟ. ಅದೂ ಎಂಥಾ ಸಮಯದಲ್ಲಿ! ಏಪ್ರಿಲ್‌ನಿಂದ ಮಾರುಕಟ್ಟೆ ಏರ್ತಾನೇ ಇತ್ತು, ಸೆಪ್ಟೆಂಬರ್‌ನಲ್ಲಿ ನಿಫ್ಟಿ ಸೂಚ್ಯಂಕ ಮೊದಲ ಸಲ 20,000 ಮುಟ್ಟಿತು. ಏನೂ ಮಾಡದೆ ಸೂಚ್ಯಂಕವನ್ನೇ ಅನುಸರಿಸೋ ಇಂಡೆಕ್ಸ್ ಫಂಡಿನಲ್ಲಿ ಹಾಕಿ ಮಲಗಿದವನಿಗೂ ಲಾಭ ಬಂದ ವರ್ಷ.

ಅಪ್ಪಯ್ಯನಿಗೆ ಮುಂದಿನ ವಾರ ಹೋದಾಗ ಇದನ್ನೆಲ್ಲ ಬಿಡಿಸಿ ಹೇಳಿದೆ. ಕ್ಯಾಂಡಲ್ಲು, ಸರಾಸರಿ, 11 ಗಂಟೆ, 3:30, ಎಲ್ಲ. ಅರ್ಧ ಗಂಟೆ ಕೇಳಿಸಿಕೊಂಡರು. ಆಮೇಲೆ, "ಹಂಗಾರೆ ಮಷಿನ್ ಈ ವರ್ಷ ಇಲ್ಲ ಅನ್ನು" ಅಂದರು. ಎದ್ದು ಕೊಟ್ಟಿಗೆ ಕಡೆ ಹೋದರು.

ಸರಿ, ನಿಮ್ಮ ಪ್ರಶ್ನೆ. ಯಾವ ಸಾಫ್ಟ್‌ವೇರ್ ಅಂತ ಕೇಳಿದ್ದೀರಿ. ಯಾವುದಾದರೂ ಆಗುತ್ತೆ ಮಾರಾಯ್ರೆ. ಚಾರ್ಟಿನ ಷರತ್ತು ಹಾಕೋಕೆ ಚಾರ್ಟ್‌ಇಂಕ್, ಕಂಪನಿಯ ಲೆಕ್ಕಪತ್ರ ಸೋಸೋಕೆ ಸ್ಕ್ರೀನರ್ ಡಾಟ್ ಇನ್, ಎರಡರಲ್ಲೂ ದುಡ್ಡು ಕೊಡದೆ ಸಾಕಷ್ಟು ಕೆಲಸ ಆಗುತ್ತೆ. ದುಡ್ಡು ಕೊಟ್ಟರೆ ಜಾಸ್ತಿ ಸಿಗೋದು ಸಾಮಾನ್ಯವಾಗಿ ಬೇಗ ಬರೋ ಡೇಟಾ ಮತ್ತು ಮೊಬೈಲಿಗೆ ಬರೋ ಅಲರ್ಟು. ನನ್ನನ್ನು ಹಾಳು ಮಾಡಿದ್ದೇ ಆ ಬೇಗ ಬರೋದು. ಸಂಜೆ ಮಾತ್ರ ನೋಡೋನಿಗೆ ಹದಿನೈದು ನಿಮಿಷ ತಡವಾಗಿ ಬರೋ ಡೇಟಾ ಧಾರಾಳ ಸಾಕು.

ಆದರೆ ನನಗೆ ನಿಮ್ಮ ಪ್ರಶ್ನೆಯೇ ಒಪ್ಪಿಗೆಯಾಗಲಿಲ್ಲ. ಪೋರ್ಟ್‌ಫೋಲಿಯೋದಿಂದ ದಿನಾ ಸಿಗ್ನಲ್ ಯಾಕೆ ತೆಗೀಬೇಕು? 38 ಷೇರಿಗೆ ನಾಲ್ಕು ಸ್ಕ್ಯಾನ್ ಹಾಕಿದರೆ ದಿನಾ ಯಾವುದಾದರೂ ಒಂದಕ್ಕೆ ದೀಪ ಹತ್ತೇ ಹತ್ತುತ್ತೆ. ಹತ್ತಿದ ಮೇಲೆ ಏನಾದರೂ ಮಾಡಬೇಕು ಅನ್ನಿಸುತ್ತೆ. ಆರ್‌ಎಸ್‌ಐ 30ಕ್ಕಿಂತ ಕೆಳಗೆ ಹೋಯಿತು, ಬಹಳ ಬಿದ್ದಿದೆ ಅಂತ ಕೊಂಡರೆ, ಬೀಳೋ ಷೇರು ವಾರಗಟ್ಟಲೆ 30ರ ಕೆಳಗೇ ಕೂತಿರಬಹುದು. ಒಂದು ಸಲ ನನ್ನ ಒಂದು ಷೇರು ರಾತ್ರೋರಾತ್ರಿ ಅರ್ಧಕ್ಕೆ ಬಿದ್ದಂತೆ ಸ್ಕ್ಯಾನ್ ತೋರಿಸಿ ಎದೆ ಧಸಕ್ ಅಂದಿತ್ತು. ನೋಡಿದರೆ ಇದ್ದ ಒಂದು ಷೇರಿಗೆ ಇನ್ನೊಂದನ್ನು ಬೋನಸ್ ಆಗಿ ಪುಕ್ಕಟೆ ಕೊಟ್ಟಿದ್ದರು, ಅದಕ್ಕೆ ಬೆಲೆ ಅರ್ಧ ಆಗಿತ್ತು, ಹಳೆ ಬೆಲೆಗಳನ್ನು ಇನ್ನೂ ಸರಿಹೊಂದಿಸಿರಲಿಲ್ಲ. ಅವತ್ತು ಟೀ ತಡವಾಗಿ ಬಂದದ್ದಕ್ಕೆ ಬಚಾವ್, ಇಲ್ಲದಿದ್ದರೆ ಅದನ್ನೂ ಮಾರಿಬಿಡ್ತಿದ್ದೆ.

ಮೊದಲು 38ನ್ನು ಕಡಿಮೆ ಮಾಡಿ. ಒಂದು ಹಾಳೆಯಲ್ಲಿ ಪ್ರತಿ ಷೇರಿನ ಮುಂದೆ ಆ ಕಂಪನಿ ಏನು ಮಾಡುತ್ತೆ, ನೀವು ಯಾಕೆ ಕೊಂಡಿರಿ ಅಂತ ಒಂದೊಂದು ಸಾಲು ಬರೀರಿ. ನನಗೆ 34ರಲ್ಲಿ 13ಕ್ಕೆ ಮಾತ್ರ ಬರೆಯೋಕಾಯಿತು. ಎರಡರ ಮುಂದೆ "ಭಾವ ಹೇಳಿದ್ದು" ಅಂತ ಬರೆದಿದ್ದೆ, ಅದನ್ನೂ ಹೊಡೆದು ಹಾಕಿದೆ. 11 ಉಳಿದವು. ಹನ್ನೊಂದು ಷೇರಿಗೆ ಯಾವ ಸ್ಕ್ರೀನರೂ ಬೇಡ. ಮೂರು ತಿಂಗಳಿಗೊಮ್ಮೆ ಫಲಿತಾಂಶ ಬಂದಾಗ ಕೂತು ಓದಿದರೆ ಆಯಿತು. ಮಾರುವಾಗ ಒಂದು ವರ್ಷ ಆಗಿದೆಯಾ ನೋಡಿಕೊಳ್ಳಿ. 2024ರ ಜುಲೈ 23ರಿಂದ ವರ್ಷದೊಳಗಿನ ಲಾಭಕ್ಕೆ 20% ತೆರಿಗೆ. ವರ್ಷ ದಾಟಿದರೆ 12.5%, ಅದೂ ಒಂದೂಕಾಲು ಲಕ್ಷದ ಮೇಲಿನದಕ್ಕೆ. ಆಡಿಟರ್ ಆಫೀಸಿನವನು, ಇದನ್ನು ಹೇಳದೆ ಬಿಡೋಕಾಗಲ್ಲ.

ಇಲ್ಲ, ನನಗೆ ಟ್ರೇಡಿಂಗೇ ಬೇಕು ಅಂದರೆ ಅದಕ್ಕೆ ಬೇರೆ ಖಾತೆ, ಬೇರೆ ದುಡ್ಡು ಇಡಿ. ಮನೆಯವರ ಮಷಿನ್ನಿನ ದುಡ್ಡಂತೂ ಬೇಡವೇ ಬೇಡ. ಸ್ಕ್ಯಾನಿನಲ್ಲಿ "ಇವತ್ತಿನ ಕ್ಲೋಸಿಂಗ್" ಇರೋ ಕಡೆಯಲ್ಲೆಲ್ಲ "ಒಂದು ದಿನ ಹಿಂದಿನ ಕ್ಲೋಸಿಂಗ್", "ನಿನ್ನೆಯ ಕ್ಲೋಸಿಂಗ್" ಇರೋ ಕಡೆ "ಎರಡು ದಿನ ಹಿಂದಿನ ಕ್ಲೋಸಿಂಗ್" ಅಂತ ಹಾಕಿ, ಸರಾಸರಿ, ಆರ್‌ಎಸ್‌ಐಯನ್ನೂ ಹಾಗೇ ಒಂದು ದಿನ ಹಿಂದಕ್ಕೆ ಸರಿಸಿ. ಆಗ ಬೆಳಗ್ಗೆ ಒತ್ತಿದರೂ, ಸಂಜೆ ಒತ್ತಿದರೂ ಮುಗಿದ ಕ್ಯಾಂಡಲ್ಲೇ ಸಿಗುತ್ತೆ. ಬ್ಯಾಕ್‌ಟೆಸ್ಟಿನಲ್ಲಿ ಕೊಂಡ ಬೆಲೆ ಮರುದಿನದ ಓಪನಿಂಗ್ ಅಂತ ಇಡಿ, ಖರ್ಚನ್ನೂ ಕಳೀರಿ. ನಾನು ಹಂಗೆ ಮಾಡಿ ನೋಡಿದಾಗ ನನ್ನ ಘಾಟಿ ಹೋಗಿ ಗದ್ದೆ ಬಯಲಾಯಿತು.

ನಂಬಿಕೆ ಬರದಿದ್ದರೆ ಒಂದು ತಿಂಗಳು ಒಂದು ರೂಪಾಯಿನೂ ಹಾಕದೆ ಪರೀಕ್ಷೆ ಮಾಡಿ. ನೋಟ್‌ಬುಕ್ಕಿನ ಎಡಗಡೆ 11 ಗಂಟೆಗೆ ಬಂದ ಹೆಸರು, ಬಲಗಡೆ ಸಂಜೆ ಬಂದ ಹೆಸರು. ಭಾವನಿಗೂ ಇದನ್ನೇ ಹೇಳಿದ್ದೆ. ಅವರು ಎಡಗಡೆ ಮಾತ್ರ ಬರೀತಾರೆ. ಮೊನ್ನೆ ಮಂಗಳವಾರವೂ 11:05ಕ್ಕೆ ಆರು ಹೆಸರಿನ ಸ್ಕ್ರೀನ್‌ಶಾಟ್ ಬಂತು.