ಗಣಕ ಸಲಹೆ: ಹಾಡು ಬಂದವು, ಹೆಸರು ಬರಲಿಲ್ಲ

ಪ್ರಶ್ನೆ: ಮಾನ್ಯರೇ, ನಮ್ಮ ತಂದೆಯವರು ಸುತ್ತಲಿನ ಹಳ್ಳಿಗಳಲ್ಲಿ ಹಾರ್ಮೋನಿಯಂ ಮೇಷ್ಟರಾಗಿದ್ದು ಪೌರಾಣಿಕ ನಾಟಕಗಳನ್ನು ಕಲಿಸುತ್ತಿದ್ದರು. ಅವರ ಕಾಲದ 140 ಕ್ಯಾಸೆಟ್‌ಗಳನ್ನು, ಒಂದೊಂದೂ ಒಂದು ಗಂಟೆಯವು, ನಾನು ವಿಂಡೋಸ್ ಕಂಪ್ಯೂಟರಿಗೆ ಇಳಿಸಿಕೊಂಡಿದ್ದೆ. ಹೆಚ್ಚಿನವು ವೇವ್ ಫೈಲುಗಳು, ಕೆಲವು ಎಂಪಿ3. ಹಾಡುಗಳನ್ನು ಜೋಡಿಸಿಡುವ ತಂತ್ರಾಂಶವೊಂದರಲ್ಲಿ ಪದ್ಯದ ಹೆಸರು, ಹಾಡಿದವರು, ಊರು, ವರ್ಷ ಎಲ್ಲವನ್ನೂ ಕನ್ನಡದಲ್ಲಿ ತುಂಬಿ, ಚೆನ್ನಾಗಿರುವುದಕ್ಕೆ ನಕ್ಷತ್ರ ಕೊಡುತ್ತಾ ಎರಡು ವರ್ಷದ ಸಂಜೆಗಳನ್ನು ಕಳೆದೆ. ಈಗ ಮಗಳು ಮ್ಯಾಕ್ ಕೊಡಿಸಿದ್ದಾಳೆ. ಹಾರ್ಡ್ ಡಿಸ್ಕಿನಿಂದ ಫೈಲುಗಳನ್ನು ಅದಕ್ಕೆ ನಕಲು ಮಾಡಿ, ಅಲ್ಲಿನ ಸಂಗೀತದ ತಂತ್ರಾಂಶಕ್ಕೆ ಎಳೆದು ಹಾಕಿದರೆ ವೇವ್ ಫೈಲುಗಳ ಹೆಸರುಗಳೆಲ್ಲ ಹೋಗಿ ‘ಟ್ರ್ಯಾಕ್ 07’ ಎಂದಷ್ಟೇ ಉಳಿದಿದೆ. ಹೆಸರು ಉಳಿದ ಎಂಪಿ3ಗಳಲ್ಲಿ ಒಂದೇ ರಾತ್ರಿಯ ನಾಟಕ ಹನ್ನೆರಡು ಚೂರಾಗಿದೆ. ಎಲ್ಲವನ್ನೂ ಒಟ್ಟಿಗೆ ನೋಡಿದರೆ ಗದಾಯುದ್ಧ ಮೊದಲು, ಆಮೇಲೆ ದುರ್ಯೋಧನನ ಪ್ರವೇಶ, ಅದರ ನಂತರ ನಾಂದಿ! ಹಾರ್ಡ್ ಡಿಸ್ಕಿಗೆ ಹೊಸದಾಗಿ ಏನನ್ನೂ ಹಾಕಲು ಬರುತ್ತಿಲ್ಲ. ಮೇಲಾಗಿ 256 ಜಿಬಿ ಜಾಗವೂ ತುಂಬುತ್ತಾ ಬಂದಿದೆಯಂತೆ. ಅಂಗಡಿಯ ಹುಡುಗ ‘ಎಲ್ಲಾ ಹೊಸದಾಗಿ ಟೈಪ್ ಮಾಡ್ಬಿಡಿ ಸಾರ್’ ಎನ್ನುತ್ತಾನೆ. ನನಗೀಗ 68 ವರ್ಷ. ಹಳೆಯ ಕಂಪ್ಯೂಟರ್ ಅಟ್ಟದ ಮೇಲಿದೆ. ಬೇರೆ ದಾರಿ ಇದೆಯೇ?
– ನಿವೃತ್ತ ಶಿಕ್ಷಕರು, ತಿಪಟೂರು

ಉತ್ತರ: ಇದೆ, ಏಕೆಂದರೆ ಅಟ್ಟದ ಮೇಲಿನ ಕಂಪ್ಯೂಟರನ್ನು ನೀವು ಇನ್ನೂ ಗುಜರಿಗೆ ಹಾಕಿಲ್ಲ. ಈ ಕೆಲಸ ಮುಗಿಯುವವರೆಗೆ ಅದನ್ನು ಯಾರಿಗೂ ಕೊಡಬೇಡಿ, ಫಾರ್ಮ್ಯಾಟ್ ಮಾಡಲು ಅಂಗಡಿಯ ಹುಡುಗನ ಕೈಗಂತೂ ಒಪ್ಪಿಸಲೇಬೇಡಿ.

ತಂತ್ರಾಂಶದ ಹೆಸರನ್ನು ನೀವು ಬರೆದಿಲ್ಲ. ಬರೆಯದಿದ್ದರೂ ನಷ್ಟವಿಲ್ಲ, ಈ ಬಗೆಯ ತಂತ್ರಾಂಶಗಳೆಲ್ಲ ಹೆಚ್ಚುಕಡಿಮೆ ಒಂದೇ ರೀತಿ ಕೆಲಸ ಮಾಡುತ್ತವೆ. ತಿಪಟೂರಿನವರಿಗೆ ಕೊಬ್ಬರಿ ಮಂಡಿಯ ಮೂಲಕ ಹೇಳುವುದೇ ಸುಲಭ. ಗೋದಾಮಿನಲ್ಲಿ ಮೂಟೆಗಳಿರುತ್ತವೆ, ಗಲ್ಲಾದ ಪಕ್ಕದಲ್ಲಿ ಲೆಕ್ಕದ ಪುಸ್ತಕವಿರುತ್ತದೆ. ಮೂಟೆ ಯಾವ ಊರಿನ ಯಾರದು, ಯಾವ ಸಾಲಿನಲ್ಲಿದೆ ಎಂಬ ವಿವರ ಪುಸ್ತಕದಲ್ಲಿರುತ್ತದೆಯೇ ಹೊರತು ಎಲ್ಲ ಮೂಟೆಗಳ ಮೇಲೂ ಇರುವುದಿಲ್ಲ. ನೀವು ಮೂಟೆಗಳನ್ನು ಹೊಸ ಗೋದಾಮಿಗೆ ಸಾಗಿಸಿದಿರಿ, ಪುಸ್ತಕ ಹಳೆಯ ಮಂಡಿಯಲ್ಲೇ ಉಳಿಯಿತು. ಪುಸ್ತಕವನ್ನು ತಂದಿದ್ದರೂ ಅದರಲ್ಲಿರುವುದು ಹಳೆಯ ಗೋದಾಮಿನ ಸಾಲುಗಳ ಲೆಕ್ಕ. ವಿಂಡೋಸ್ ಫೈಲಿನ ವಿಳಾಸವನ್ನು ಸಿ, ಡಿ ಎಂಬ ಡ್ರೈವ್ ಅಕ್ಷರದಿಂದ ಆರಂಭಿಸುತ್ತದೆ, ಮ್ಯಾಕ್‌ನಲ್ಲಿ ಆ ಅಕ್ಷರಗಳೇ ಇಲ್ಲ. ಹೀಗಾಗಿ ಹಾಡು ಕಣ್ಣೆದುರಿಗಿದ್ದರೂ ತಂತ್ರಾಂಶ ಪಕ್ಕದಲ್ಲೊಂದು ಆಶ್ಚರ್ಯಸೂಚಕ ಚಿಹ್ನೆ ಹಾಕಿ ‘ಸಿಗಲಿಲ್ಲ’ ಎಂದು ಕೈಚೆಲ್ಲುತ್ತದೆ.

ಎಂಪಿ3ಗಳ ಹೆಸರು ಉಳಿದು ವೇವ್ ಫೈಲುಗಳ ಹೆಸರು ಹೋದದ್ದು ಏಕೆ ಎಂದರೆ, ಎಂಪಿ3 ಫೈಲಿನೊಳಗೇ ಐಡಿ3 ಎಂಬ ಟ್ಯಾಗ್, ಅಂದರೆ ಮೂಟೆಗೆ ಕಟ್ಟಿದ ಚೀಟಿಯಂಥದ್ದು, ಇರುತ್ತದೆ ಮತ್ತು ಬಹುತೇಕ ಎಲ್ಲ ತಂತ್ರಾಂಶಗಳೂ ಅದನ್ನು ಓದುತ್ತವೆ. ವೇವ್ ಫೈಲಿಗೂ ಹೆಸರು ಬರೆಯುವ ಕ್ರಮಗಳಿವೆ, ಆದರೆ ಒಂದು ತಂತ್ರಾಂಶ ಬರೆದದ್ದನ್ನು ಇನ್ನೊಂದು ಓದೀತೆಂಬ ಭರವಸೆಯಿಲ್ಲ. ಎಷ್ಟೋ ತಂತ್ರಾಂಶಗಳು ಆ ಗೋಜಿಗೇ ಹೋಗದೆ ತಮ್ಮ ಪುಸ್ತಕದಲ್ಲಷ್ಟೇ ಗುರುತು ಹಾಕಿಕೊಂಡು ಸುಮ್ಮನಾಗುತ್ತವೆ. ಎರಡು ವರ್ಷ ಟೈಪ್ ಮಾಡಿದವರಿಗೆ ಇದನ್ನು ಪರದೆಯ ಮೇಲೆ ಒಂದು ಸಾಲಿನಲ್ಲಾದರೂ ತಿಳಿಸಬಾರದಿತ್ತೇ ಎಂದು ನನಗೂ ಸಿಟ್ಟು ಬರುತ್ತದೆ.

ಆದರೆ ಪುಸ್ತಕ ಇನ್ನೂ ಅಟ್ಟದ ಮೇಲಿದೆ. ಅಲ್ಲಿರುವ ಹೆಸರುಗಳನ್ನು ಫೈಲುಗಳೊಳಗೆ ಬರೆಸುವ ಕೆಲಸವನ್ನು ಆ ಹಳೆಯ ತಂತ್ರಾಂಶದಿಂದಲೇ ಮಾಡಿಸಬೇಕು, ಏಕೆಂದರೆ ಯಾವ ಫೈಲಿನ ಹೆಸರೇನೆಂದು ಬಲ್ಲದ್ದು ಅದೊಂದೇ. ಇಂಥ ತಂತ್ರಾಂಶಗಳಲ್ಲಿ ಸಾಮಾನ್ಯವಾಗಿ ‘ಕನ್ವರ್ಟ್’ ಎಂಬ ಸೌಲಭ್ಯವಿರುತ್ತದೆ. ಅದರಲ್ಲಿ ಫ್ಲ್ಯಾಕ್ ಅಥವಾ ಆಪಲ್ ಲಾಸ್‌ಲೆಸ್ ಎಂಬ ಮಾದರಿಯನ್ನು ಆರಿಸಿಕೊಂಡು ವೇವ್ ಫೈಲುಗಳನ್ನು ಬದಲಾಯಿಸಿದರೆ, ತಂತ್ರಾಂಶ ತನ್ನ ಪುಸ್ತಕದಲ್ಲಿರುವ ಹೆಸರು, ಊರು, ವರ್ಷಗಳನ್ನು ಹೊಸ ಫೈಲಿನ ಟ್ಯಾಗಿಗೆ ಬರೆದುಕೊಡುತ್ತದೆ. ಮೊದಲು ಒಂದೇ ಒಂದು ಕ್ಯಾಸೆಟ್ಟನ್ನು ಹೀಗೆ ಬದಲಾಯಿಸಿ, ಮ್ಯಾಕ್‌ನಲ್ಲಿ ತೆರೆದು, ಹೆಸರುಗಳು ಬಂದಿವೆಯೇ ಎಂದು ನೋಡಿಕೊಂಡ ಮೇಲೆ ಉಳಿದ 139ಕ್ಕೆ ಕೈ ಹಾಕಿ.

ಎರಡು ಮಾದರಿಗಳಲ್ಲಿ ಯಾವುದು ಎಂಬ ಪ್ರಶ್ನೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. ಎರಡರಲ್ಲೂ ಧ್ವನಿ ಒಂದಿಷ್ಟೂ ಕೆಡುವುದಿಲ್ಲ, ಹಾಗಾಗಿ ಒಂದರಿಂದ ಇನ್ನೊಂದಕ್ಕೆ ಎಷ್ಟು ಸಲ ಬದಲಾಯಿಸಿದರೂ ಕಳೆದುಕೊಳ್ಳುವುದು ಏನೂ ಇಲ್ಲ. ಫ್ಲ್ಯಾಕ್ ಮುಕ್ತ ಮಾದರಿ, ಆದರೆ ಮ್ಯಾಕ್‌ನೊಂದಿಗೇ ಬರುವ ಮ್ಯೂಸಿಕ್ ತಂತ್ರಾಂಶ ಅದನ್ನು ಸೇರಿಸಿಕೊಳ್ಳುವುದಿಲ್ಲ, ವಿಎಲ್‌ಸಿ ಎಂಬ ಉಚಿತ ತಂತ್ರಾಂಶ ಹಾಡಿಸುತ್ತದೆ. ಆಪಲ್ ಲಾಸ್‌ಲೆಸ್ ಕೂಡ 2011ರಿಂದ ಮುಕ್ತವಾಗಿದ್ದು, ವಿಂಡೋಸ್ 10 ಮತ್ತು ಅದರ ನಂತರದವು ಅದನ್ನು ಹಾಡಿಸುತ್ತವೆ. ನೀವು ಇನ್ನು ಮುಂದೆ ಮ್ಯಾಕ್‌ನಲ್ಲೇ ಇರುವಿರಾದರೆ ಎರಡನೆಯದನ್ನು ಆರಿಸಿಕೊಳ್ಳಿ. ಗಾತ್ರ ಕುಗ್ಗಿಸಲು ಧ್ವನಿಯ ಒಂದು ಪಾಲನ್ನು ಬಿಟ್ಟುಬಿಡುವ ಎಂಪಿ3ಗೆ ಮಾತ್ರ ಇಳಿಸಬೇಡಿ. ಒಮ್ಮೆ ಇಳಿಸಿದರೆ ಬಿಟ್ಟುಹೋದ ಧ್ವನಿ ಮರಳಿ ಬರುವುದಿಲ್ಲ.

ನಕ್ಷತ್ರಗಳ ಕಥೆ ಬೇರೆ. ನಕ್ಷತ್ರ, ಎಷ್ಟು ಸಲ ಕೇಳಿದಿರಿ ಎಂಬ ಎಣಿಕೆ, ಸಂಗ್ರಹಕ್ಕೆ ಸೇರಿಸಿದ ದಿನಾಂಕ ಇವೆಲ್ಲ ಸಾಮಾನ್ಯವಾಗಿ ಪುಸ್ತಕದ ಸ್ವತ್ತು, ಕನ್ವರ್ಟ್ ಮಾಡಿದರೂ ಮೂಟೆಯೊಂದಿಗೆ ಬರುವುದಿಲ್ಲ. ಇದಕ್ಕೊಂದು ಹಳ್ಳಿ ಉಪಾಯವಿದೆ. ಕನ್ವರ್ಟ್ ಮಾಡುವ ಮೊದಲೇ ಹಾಡುಗಳನ್ನು ನಕ್ಷತ್ರದ ಪ್ರಕಾರ ಸಾಲಾಗಿಸಿ, ಐದು ನಕ್ಷತ್ರದವನ್ನೆಲ್ಲ ಒಟ್ಟಿಗೆ ಆಯ್ದು, ‘ಕಾಮೆಂಟ್’ ಎಂಬ ಅಂಕಣದಲ್ಲಿ ‘ಐದು’ ಎಂದು ಬರೆದುಬಿಡಿ. ನಾಲ್ಕು, ಮೂರಕ್ಕೂ ಹಾಗೆಯೇ ಮಾಡಿ. ಕಾಮೆಂಟ್ ಟ್ಯಾಗಿನೊಳಗೆ ಹೋಗುವುದರಿಂದ ಎಲ್ಲಿಗಾದರೂ ಜೊತೆಗೆ ಬರುತ್ತದೆ, ಹುಡುಕಿದರೆ ಸಿಗುತ್ತದೆ. ನೀವು ಪ್ಲೇಲಿಸ್ಟ್‌ಗಳನ್ನೂ ಮಾಡಿಕೊಂಡಿದ್ದರೆ ಅವನ್ನು ‘ಎಕ್ಸ್‌ಪೋರ್ಟ್’ ಮಾಡಿ ಎಂ3ಯು8 ಎಂಬ ಮಾದರಿಯಲ್ಲಿ ಉಳಿಸಿ. ಅದು ಸರಳ ಪಠ್ಯದ ಪಟ್ಟಿ, ಕನ್ನಡ ಅಕ್ಷರಗಳು ಕೆಡುವುದಿಲ್ಲ. ಕನ್ವರ್ಟ್ ಆದ ಮೇಲೆ ಫೈಲುಗಳ ವಿಳಾಸ ಬದಲಾಗಿರುವುದರಿಂದ ಪಟ್ಟಿ ನೇರವಾಗಿ ತೆರೆದುಕೊಳ್ಳದು, ಆದರೂ ಯಾವ ಹಾಡಿನ ನಂತರ ಯಾವುದು ಎಂಬುದು ಅದರಲ್ಲಿ ಬರಹದಲ್ಲಿ ಉಳಿದಿರುತ್ತದೆ.

ಇನ್ನು ನಾಟಕ ಚೂರಾದ ವಿಷಯ. ಈ ತಂತ್ರಾಂಶಗಳನ್ನು ರೂಪಿಸಿದವರ ಕಣ್ಣ ಮುಂದಿದ್ದದ್ದು ಒಬ್ಬ ಗಾಯಕ, ಒಂದು ಆಲ್ಬಂ, ಹತ್ತು ಹಾಡು ಎಂಬ ಪಾಶ್ಚಾತ್ಯ ರೆಕಾರ್ಡ್ ಅಂಗಡಿಯ ಕಪಾಟು. 1884ರಲ್ಲಿ ಗುಬ್ಬಿಯಲ್ಲಿ ನಾಟಕ ಕಂಪನಿ ಹುಟ್ಟಿದ ಜಿಲ್ಲೆಯವರಾದ ನಮಗೆ, ಒಂದು ರಾತ್ರಿಯ ಆಟದಲ್ಲಿ ಹನ್ನೆರಡು ಪಾತ್ರಗಳು ಹಾಡುವುದು ಸಹಜ. ಯಂತ್ರಕ್ಕೆ ಅದು ಹನ್ನೆರಡು ಗಾಯಕರ ಹನ್ನೆರಡು ಆಲ್ಬಂ. ‘ಕಲಾವಿದ’ ಎಂಬ ಅಂಕಣದಲ್ಲಿ ಪ್ರತಿ ಪದ್ಯಕ್ಕೂ ಹಾಡಿದವರ ಹೆಸರನ್ನೇ ಇಟ್ಟುಕೊಳ್ಳಿ. ಅದರ ಜೊತೆಗೆ ‘ಆಲ್ಬಂ ಆರ್ಟಿಸ್ಟ್’ ಎಂಬ ಇನ್ನೊಂದು ಅಂಕಣವಿದೆ, ಅಲ್ಲಿ ಇಡೀ ರಾತ್ರಿಯ ಎಲ್ಲ ಪದ್ಯಗಳಿಗೂ ಒಂದೇ ಹೆಸರು, ಉದಾಹರಣೆಗೆ ಆ ಊರಿನ ನಾಟಕ ಮಂಡಳಿಯದು, ಇರಬೇಕು. ಆಲ್ಬಂ ಹೆಸರಿಗೆ ಊರು ಮತ್ತು ವರ್ಷವನ್ನು ಕೊಡಿ. ‘ಕಂಪೋಸರ್’ ಎಂಬಲ್ಲಿ ನಿಮ್ಮ ತಂದೆಯವರ ಹೆಸರನ್ನು ಬರೆಯಿರಿ. ಮಟ್ಟು ಕೂರಿಸಿದ ಮೇಷ್ಟರಿಗೆ ಈ ಪಟ್ಟಿಯಲ್ಲಿ ಬೇರೆ ಜಾಗವೇ ಇಲ್ಲ. ಗದಾಯುದ್ಧ ಮೊದಲು ಬಂದದ್ದು ಅಕಾರಾದಿಯ ಪ್ರಭಾವ. ‘ಗ’ ಆದ ಮೇಲೆ ‘ದ’, ‘ದ’ ಆದ ಮೇಲೆ ‘ನ’, ಯಂತ್ರ ವರ್ಣಮಾಲೆಯನ್ನು ಸರಿಯಾಗಿಯೇ ಕಲಿತಿದೆ. ‘ಟ್ರ್ಯಾಕ್ ನಂಬರ್’ ಅಂಕಣದಲ್ಲಿ ನಾಂದಿಗೆ 1 ಎಂದು ಆರಂಭಿಸಿ ಕ್ರಮವಾಗಿ ಅಂಕಿ ಕೊಟ್ಟು ಆಲ್ಬಮ್ಮಿನ ಮೂಲಕ ತೆರೆದರೆ ಆಟ ಮಂಗಳದಲ್ಲಿ ಮುಗಿಯುತ್ತದೆ.

ಹಾರ್ಡ್ ಡಿಸ್ಕ್ ಕೆಟ್ಟಿಲ್ಲ. ಅದು ವಿಂಡೋಸ್‌ನ ಎನ್‌ಟಿಎಫ್‌ಎಸ್ ಪದ್ಧತಿಯಲ್ಲಿ ಫಾರ್ಮ್ಯಾಟ್ ಆಗಿರಬೇಕು. ಮ್ಯಾಕ್ ಅದನ್ನು ಓದುತ್ತದೆ, ಆದರೆ ಅದರಲ್ಲಿ ಬರೆಯುವುದಿಲ್ಲ. ಎರಡೂ ಕಡೆ ಓದುಬರಹ ಎರಡಕ್ಕೂ ಒಗ್ಗುವುದು ಎಕ್ಸ್‌ಫ್ಯಾಟ್. ಫಾರ್ಮ್ಯಾಟ್ ಮಾಡಿದರೆ ಇರುವುದೆಲ್ಲ ಅಳಿಸಿಹೋಗುವುದರಿಂದ ಹಳೆಯ ಡಿಸ್ಕನ್ನು ಮುಟ್ಟದೆ, ಹೊಸದೊಂದನ್ನು ಕೊಂಡು ಎಕ್ಸ್‌ಫ್ಯಾಟ್ ಮಾಡಿಕೊಳ್ಳಿ. ಹಳೆಯದು ವೇವ್ ಫೈಲುಗಳ ಸಮೇತ ಬೀರುವಿನಲ್ಲಿರಲಿ.

ಮ್ಯಾಕ್ ತುಂಬಿದ್ದಕ್ಕೆ ಲೆಕ್ಕವೂ ಸರಳವಾಗಿದೆ. ಸಿಡಿ ಗುಣಮಟ್ಟದ ವೇವ್ ನಿಮಿಷಕ್ಕೆ ಸುಮಾರು 10 ಎಂಬಿ, ಗಂಟೆಗೆ 600 ಎಂಬಿಗೂ ಮೇಲು, 140 ಕ್ಯಾಸೆಟ್‌ಗೆ 85ರಿಂದ 90 ಜಿಬಿ. ನೀವು ಒಮ್ಮೆ ಫೈಲುಗಳನ್ನು ನಕಲು ಮಾಡಿದಿರಿ, ತಂತ್ರಾಂಶಕ್ಕೆ ಎಳೆದು ಹಾಕಿದಾಗ ಅದು ತನ್ನ ಫೋಲ್ಡರಿಗೆ ಇನ್ನೊಂದು ನಕಲು ಮಾಡಿಕೊಂಡಿತು. ಮ್ಯೂಸಿಕ್‌ನ ಸೆಟ್ಟಿಂಗ್ಸ್‌ನಲ್ಲಿ ‘ಫೈಲ್ಸ್’ ಎಂಬ ಪುಟಕ್ಕೆ ಹೋದರೆ ಸೇರಿಸುವಾಗ ನಕಲು ಮಾಡಬೇಕೇ, ಫೋಲ್ಡರನ್ನು ತಾನೇ ಜೋಡಿಸಬೇಕೇ ಎಂಬ ಎರಡು ಗುರುತುಗಳಿವೆ. ಎರಡನ್ನೂ ತೆಗೆದುಬಿಡಿ. ಫೋಲ್ಡರನ್ನು ತಾನೇ ಜೋಡಿಸುವ ತಂತ್ರಾಂಶವನ್ನು ನಾನು ನಂಬುವುದಿಲ್ಲ, ಅದು ಒಮ್ಮೆ ನನ್ನ ಸಂಗ್ರಹದ ಊರ ಹೆಸರಿನ ಫೋಲ್ಡರುಗಳನ್ನು ಗಾಯಕರ ಹೆಸರಿನಲ್ಲಿ ಒಡೆದು ಹಾಕಿದ್ದನ್ನು ಸರಿಪಡಿಸಲು ಒಂದು ಇಡೀ ದಸರಾ ರಜೆ ಬೇಕಾಯಿತು. ಕನ್ವರ್ಟ್ ಆದ ಫೈಲುಗಳು ವೇವ್‌ಗಿಂತ ಗಣನೀಯವಾಗಿ ಚಿಕ್ಕವಾಗಿರುತ್ತವೆ, ಕ್ಯಾಸೆಟ್ಟಿನ ಸುಯ್ ಶಬ್ದ ಹೆಚ್ಚಿದ್ದಲ್ಲಿ ಉಳಿತಾಯ ಕೊಂಚ ಕಡಿಮೆ.

ತಂತ್ರಾಂಶವನ್ನೇ ಆತುಕೊಂಡು ಕೂರಬೇಡಿ ಎಂದು ನಾನು ಒತ್ತಿ ಹೇಳುವುದಕ್ಕೆ ಕಾರಣವಿದೆ. ಆಪಲ್‌ನ ಸಂಗೀತದ ತಂತ್ರಾಂಶ ಐಟ್ಯೂನ್ಸ್ ಮ್ಯಾಕ್‌ಗೆ ಬಂದದ್ದು 2001ರಲ್ಲಿ, ವಿಂಡೋಸ್‌ಗೆ 2003ರಲ್ಲಿ. 2019ರಲ್ಲಿ ಮ್ಯಾಕ್‌ನಲ್ಲಿ ಅದನ್ನು ಮ್ಯೂಸಿಕ್, ಟಿವಿ, ಪಾಡ್‌ಕಾಸ್ಟ್ಸ್ ಎಂದು ಮೂರು ಪಾಲು ಮಾಡಲಾಯಿತು. ಗೂಗಲ್ ಪ್ಲೇ ಮ್ಯೂಸಿಕ್ 2020ರಲ್ಲಿ ಮುಚ್ಚಿತು. ಕ್ಯಾಸೆಟ್ 1963ರದ್ದು, ನಿಮ್ಮ ಮನೆಯ ಟೇಪ್ ರೆಕಾರ್ಡರಿನ ಬೆಲ್ಟ್ ಬದಲಾಯಿಸಿದರೆ ಅದು ಇಂದಿಗೂ ಹಾಡೀತು.

ಪ್ರಶ್ನೆ: ಅಣ್ಣ ತನ್ನ 2012ರ ಮ್ಯಾಕ್‌ನಿಂದ ನಮ್ಮೂರ ಕೋಲಾಟದ ಹಾಡುಗಳನ್ನು ಜಿಪ್ ಮಾಡಿ ಕಳುಹಿಸಿದ್ದಾನೆ. ನನ್ನ ವಿಂಡೋಸ್‌ನಲ್ಲಿ ನನ್ನದೇ ‘ಕೋಲಾಟ’ ಫೋಲ್ಡರಿರುವ ಜಾಗದಲ್ಲಿ ಅದನ್ನು ಬಿಚ್ಚಿದರೆ ‘ಕೋಲಾಟ’ ಎಂಬ ಎರಡು ಫೋಲ್ಡರುಗಳು ಅಕ್ಕಪಕ್ಕ ಕೂತಿವೆ. ಒಂದೇ ಹೆಸರಿನ ಎರಡು ಫೋಲ್ಡರುಗಳು ಒಂದೇ ಜಾಗದಲ್ಲಿ ಇರಲು ಸಾಧ್ಯವಿಲ್ಲವಲ್ಲವೇ?
– ಓದುಗಿ, ಮಧುಗಿರಿ

ಉತ್ತರ: ಸಾಧ್ಯವಿಲ್ಲ, ಇಲ್ಲಿಯೂ ಅವು ಎರಡು ಬೇರೆ ಹೆಸರುಗಳೇ. ಕಂಪ್ಯೂಟರುಗಳು ಎಲ್ಲ ಭಾಷೆಗಳ ಅಕ್ಷರಗಳಿಗೂ ಬಳಸುವ ಸಂಕೇತ ಪದ್ಧತಿಯಾದ ಯುನಿಕೋಡ್‌ನಲ್ಲಿ ‘ಕೋ’ ಎಂಬುದನ್ನು ಎರಡು ರೀತಿ ಬರೆಯಬಹುದು. ‘ಕ’ಕಾರಕ್ಕೆ ಓತ್ವದ ಒಂದೇ ಸಂಕೇತ ಸೇರಿಸುವುದು ಒಂದು ರೀತಿ, ಎತ್ವ, ಊತ್ವದ ಕೊಂಬು ಮತ್ತು ದೀರ್ಘದ ಗುರುತು ಎಂದು ಮೂರು ಬಿಡಿ ಸಂಕೇತಗಳನ್ನು ಸೇರಿಸುವುದು ಇನ್ನೊಂದು. ಪರದೆಯಲ್ಲಿ ಎರಡೂ ಒಂದೇ. ಕೀಬೋರ್ಡಿನಿಂದ ಸಾಮಾನ್ಯವಾಗಿ ಬರುವ ‘ಕೋಲಾಟ’ದಲ್ಲಿ 5 ಸಂಕೇತಗಳಿದ್ದರೆ ಬಿಡಿಸಿ ಬರೆದದ್ದರಲ್ಲಿ 7 ಇರುತ್ತವೆ. 2017ರಲ್ಲಿ ಡಿಸ್ಕಿನಲ್ಲಿ ಫೈಲುಗಳನ್ನಿಡುವ ಎಪಿಎಫ್‌ಎಸ್ ಎಂಬ ಹೊಸ ಪದ್ಧತಿ ಬರುವವರೆಗೆ ಮ್ಯಾಕ್‌ಗಳು ಫೈಲುಗಳ ಹೆಸರನ್ನು ಬಿಡಿಸಿಯೇ ಇಟ್ಟುಕೊಳ್ಳುತ್ತಿದ್ದವು, ವಿಂಡೋಸ್ ಬಂದದ್ದನ್ನು ಬಂದಂತೆ ಇಡುತ್ತದೆ. ಕೀ, ಕೇ, ಕೈ, ಕೊ, ಕೋ ಈ ಐದು ಗುಣಿತಗಳಲ್ಲಿ ಮಾತ್ರ ಈ ತೊಡಕು. ‘ಹಾಡು’ ಎಂಬ ಫೋಲ್ಡರಿದ್ದರೆ ನೀವು ಈ ಪತ್ರ ಬರೆಯಬೇಕಾಗಿರಲಿಲ್ಲ.

ಅಣ್ಣನ ಫೋಲ್ಡರಿಗೆ ತಾತ್ಕಾಲಿಕವಾಗಿ ‘ಅಣ್ಣ’ ಎಂದು ಹೆಸರಿಟ್ಟು, ಒಳಗಿನ ಹಾಡುಗಳನ್ನು ನಿಮ್ಮದಕ್ಕೆ ಸಾಗಿಸಿ. ಅಲ್ಲಿಯೂ ಜೋಡಿ ಹೆಸರುಗಳು ಕಂಡರೆ ಗಾತ್ರ ನೋಡಿ, ಕೇಳಿ, ಒಂದನ್ನು ಅಳಿಸಿ. ಮುಂದೆ ಫೈಲಿನ ಹೆಸರಿಗೆ ಬರೀ ಅಂಕಿಗಳನ್ನು ಬಳಸಿ, ಕನ್ನಡವೆಲ್ಲ ಟ್ಯಾಗಿನೊಳಗಿರಲಿ. ಟ್ಯಾಗ್ ತಿದ್ದಲು ಎಂಪಿ3ಟ್ಯಾಗ್ ಎಂಬ ತಂತ್ರಾಂಶ ಸಾಕು, ಹಳೆಯ ಐಡಿ3ಯ ಮೊದಲ ಆವೃತ್ತಿಯನ್ನು ಮಾತ್ರ ಬಳಸಬೇಡಿ. ಅದರಲ್ಲಿ ಶೀರ್ಷಿಕೆಗೆ 30 ಬೈಟ್ ಜಾಗ, ಯುನಿಕೋಡ್ ಸಂಕೇತಗಳನ್ನು ಫೈಲಿನಲ್ಲಿ ಬರೆಯುವ ಯುಟಿಎಫ್-8 ಎಂಬ ಕ್ರಮದಲ್ಲಿ ಕನ್ನಡದ ಒಂದು ಸಂಕೇತಕ್ಕೇ 3 ಬೈಟ್ ಬೇಕು.

ಪ್ರಶ್ನೆ: ಚಂದಾ ಕಟ್ಟಿ ಇಳಿಸಿಕೊಂಡಿದ್ದ ಹಾಡುಗಳನ್ನು ಪೆನ್ ಡ್ರೈವಿಗೆ ಹಾಕಿ ಬೇರೆ ಕಂಪ್ಯೂಟರಿನಲ್ಲಿ ತೆರೆದರೆ ಹಾಡುತ್ತಿಲ್ಲ. ಹಣ ಕೊಟ್ಟದ್ದಲ್ಲವೇ?
– ಕುಣಿಗಲ್

ಉತ್ತರ: ನೀವು ಕೊಟ್ಟದ್ದು ಬಾಡಿಗೆ. ಅಂಥ ಫೈಲುಗಳಿಗೆ ಬೀಗ ಹಾಕಿರುತ್ತಾರೆ, ಬೀಗದ ಕೈ ಚಂದಾ ಖಾತೆಯೊಂದಿಗೆ ಇರುತ್ತದೆ. ಬೀಗ ಒಡೆದುಕೊಡುತ್ತೇವೆ ಎನ್ನುವ ತಂತ್ರಾಂಶಗಳ ಜಾಹೀರಾತಿಗೆ ಮರುಳಾಗಬೇಡಿ, 2012ರ ತಿದ್ದುಪಡಿಯಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ಸೇರಿದ 65ಎ ಕಲಮು ಆ ವಿಷಯದ್ದೇ. ಬಿಡಿಯಾಗಿ ಬೆಲೆ ಕೊಟ್ಟು ಕೊಂಡ ಹಾಡುಗಳ ಮಾತು ಬೇರೆ. ಐಟ್ಯೂನ್ಸ್ ಮಳಿಗೆಯು ತಾನು ಮಾರುವ ಹಾಡುಗಳ ಬೀಗವನ್ನು 2009ರಲ್ಲೇ ತೆಗೆದಿತ್ತು, ಭಾರತದಲ್ಲಿ ಅದು ತೆರೆದದ್ದು 2012ರ ಡಿಸೆಂಬರಿನಲ್ಲಿ, ಹಾಗಾಗಿ ಇಲ್ಲಿ ಕೊಂಡವುಗಳಿಗೆ ಬೀಗವಿಲ್ಲ. ಐಟ್ಯೂನ್ಸ್ ಅಥವಾ ಮ್ಯೂಸಿಕ್ ನಿಮ್ಮಲ್ಲಿದ್ದರೆ ಹಾಡಿನ ವಿವರದಲ್ಲಿ ‘ಕೈಂಡ್’ ಎಂಬ ಸಾಲನ್ನು ನೋಡಿ. ‘ಪರ್ಚೇಸ್ಡ್’ ಎಂದಿದ್ದರೆ ಪೆನ್ ಡ್ರೈವಿಗೆ ಹಾಕಿಕೊಳ್ಳಿ, ‘ಆಪಲ್ ಮ್ಯೂಸಿಕ್’ ಎಂದಿದ್ದರೆ ಅಲ್ಲೇ ಬಿಡಿ.