ಬೌದ್ಧ ಧರ್ಮದ ಪ್ರಕಾರ ಸ್ವತಂತ್ರವಾಗಿರಲು ಮನೆ, ಊರು, ಸಮಾಜ ಬಿಡಲೇಬೇಕೇ?

ಬುದ್ಧನೇ ಮನೆ ಬಿಟ್ಟು ಹೊರಟವನು, ಹಾಗಿದ್ದಮೇಲೆ ಸಮಾಜದ ಹಂಗು ಹರಿದುಕೊಳ್ಳದೆ ಸ್ವಾತಂತ್ರ್ಯ ಸಿಗುತ್ತದೆಯೇ ಅಂತ ಕೇಳಿದ್ದೀರಿ. ಸಿಗುತ್ತದೆ ಅಂತಲೇ ನನ್ನ ನಂಬಿಕೆ. ಮನೆ ಬಿಟ್ಟ ಬುದ್ಧ ಕೊನೆಗೆ ಕಟ್ಟಿದ್ದು ಒಂದು ಸಂಘವನ್ನು, ಅಂದರೆ ಭಿಕ್ಷುಗಳ ಸಮುದಾಯವನ್ನು, ಅಲ್ವಾ?

ಆ ಸಂಘದ ನಿಯಮ ನೋಡಿ. ಭಿಕ್ಷು ತಾನೇ ಅಡುಗೆ ಮಾಡಿಕೊಳ್ಳುವಂತಿಲ್ಲ, ನಾಳೆಗೆ ಅಂತ ಅನ್ನ ಎತ್ತಿಡುವಂತಿಲ್ಲ. ದಿನಾ ಊರೊಳಗೆ ಬಂದು ಇನ್ನೊಬ್ಬರ ಮನೆ ಮುಂದೆ ನಿಲ್ಲಬೇಕು. ಎಲ್ಲ ಬಿಟ್ಟವನಿಗೂ ಊರಿನ ನಂಟು ತಪ್ಪಬಾರದು ಅಂತ ಬೇಕೆಂದೇ ಹೀಗೆ ಮಾಡಿರಬೇಕು ಅನಿಸುತ್ತದೆ ನನಗೆ.

ಬುದ್ಧನ ಕಾಲದ ಕೌಶಾಂಬಿ ನಗರದ ಪ್ರಸಂಗ ನನಗೆ ತುಂಬಾ ಇಷ್ಟ. ಒಂದು ಸಣ್ಣ ತಪ್ಪಿನ ವಿಷಯಕ್ಕೆ ಅಲ್ಲಿನ ಭಿಕ್ಷುಗಳು ಎರಡು ಗುಂಪಾದರು. ಬುದ್ಧ ಹೇಳಿದರೂ ಕೇಳಲಿಲ್ಲ. ಅವನು ಒಬ್ಬನೇ ಎದ್ದು ಹೊರಟ. ದಾರಿಯಲ್ಲಿ ತನ್ನ ಶಿಷ್ಯ ಅನುರುದ್ಧ ಮತ್ತು ಇಬ್ಬರು ಭಿಕ್ಷು ಗೆಳೆಯರು ಇದ್ದ ಕಡೆ ಹೋದ. ಆ ಮೂವರು ಹಾಲು ನೀರು ಬೆರೆತಂತೆ ಇದ್ದರು. ನನ್ನಿಷ್ಟ ಬದಿಗಿಟ್ಟು ಇವರಿಷ್ಟದಂತೆ ನಡೆಯುತ್ತೇನೆ ಅಂತ ಮೂವರೂ ಹೇಳಿದರು. ಯಾರ ಒತ್ತಾಯವೂ ಇರಲಿಲ್ಲ. ಅತ್ತ ಕೌಶಾಂಬಿಯ ಜನ ಜಗಳವಾಡುವ ಭಿಕ್ಷುಗಳಿಗೆ ಕೈಮುಗಿಯುವುದನ್ನು, ಅನ್ನ ನೀಡುವುದನ್ನು ನಿಲ್ಲಿಸಿಬಿಟ್ಟರು. ಆಮೇಲೆ ಆ ಭಿಕ್ಷುಗಳು ಬುದ್ಧ ಇದ್ದ ಶ್ರಾವಸ್ತಿ ನಗರಕ್ಕೆ ಹೋಗಿ ಜಗಳ ಬಗೆಹರಿಸಿಕೊಂಡರು. ಸಂಸಾರಿಗಳೇ ಸನ್ಯಾಸಿಗಳನ್ನು ತಿದ್ದಿದರು!

ಆದರೆ ಸಂಘ ಯಾರನ್ನೂ ಹಿಡಿದಿಡುವುದಿಲ್ಲ. ಬೇಡ ಅನಿಸಿದ ದಿನ ಚೀವರ (ಭಿಕ್ಷುವಿನ ಬಟ್ಟೆ) ಬಿಟ್ಟು ಮನೆಗೆ ಹೋಗಬಹುದು. ಒಂದೇ ಕಡೆ ತಂಗುವ ಮಳೆಗಾಲದ ವಾಸ ಮುಗಿದಾಗ ಪ್ರತಿಯೊಬ್ಬ ಭಿಕ್ಷುವೂ, ಎಷ್ಟೇ ಹಿರಿಯನಾದರೂ, ನನ್ನ ತಪ್ಪು ಕಂಡಿದ್ದರೆ ಹೇಳಿ ಅಂತ ಉಳಿದವರನ್ನು ಕೇಳಬೇಕು. ಹುಟ್ಟಿನ ಮೇಲುಕೀಳೂ ಒಳಗೆ ನಡೆಯುವುದಿಲ್ಲ. ಅದೇ ಅನುರುದ್ಧ ಮತ್ತು ಇತರ ಶಾಕ್ಯ ರಾಜಕುಮಾರರು, ನಮ್ಮ ಸೊಕ್ಕು ಮುರಿಯಲಿ ಅಂತ, ಕ್ಷೌರಿಕ ಉಪಾಲಿಗೆ ತಮಗಿಂತ ಮೊದಲು ದೀಕ್ಷೆ ಕೊಡಿಸಿದರು. ಸಂಘದಲ್ಲಿ ಮೊದಲು ದೀಕ್ಷೆ ಪಡೆದವನೇ ಹಿರಿಯ, ಹಾಗಾಗಿ ಆಮೇಲೆ ಅವರು ಅವನಿಗೇ ನಮಸ್ಕರಿಸಬೇಕಾಯಿತು.

ನಮ್ಮ ಶಿರಸಿ ಕಡೆ ಅಡಿಕೆ ಸುಲಿಯಲು ಅಕ್ಕಪಕ್ಕದ ಮನೆಯವರು ಬಂದು ಕೂರುವ ರೂಢಿ ಇದೆ. ಯಾರ ಮನೆ ಹುಡುಗಿ ಎಲ್ಲಿ ಹೋದಳು, ಯಾರ ಜೊತೆ ಹೋದಳು ಅನ್ನುವ ವಿಚಾರಣೆಯೂ ಅಲ್ಲೇ ನಡೆಯುತ್ತದೆ. ಕೆಲಸಕ್ಕೆ ಒದಗುವ ಕೈಗಳನ್ನು ಉಳಿಸಿಕೊಳ್ಳಿ. ಆ ವಿಚಾರಣೆಗೆ ಹೆದರಿ ಬದುಕಬೇಕಾಗಿಲ್ಲ, ಜಾತಿಯ ಲೆಕ್ಕಕ್ಕಂತೂ ತಲೆಬಾಗಲೇಬೇಡಿ.

ಸಾಧ್ಯವಾದರೆ ಮುಂಡಗೋಡಕ್ಕೆ ಹೋಗಿ ಬನ್ನಿ. 1966ರಲ್ಲಿ ಅಲ್ಲಿ ಟಿಬೆಟಿಯನ್ ನಿರಾಶ್ರಿತರ ನೆಲೆ ಶುರುವಾಯಿತು. ದೇಶವನ್ನೇ ಕಳೆದುಕೊಂಡವರು ಡ್ರೆಪುಂಗ್, ಗಾಂದೆನ್ ಮಠಗಳನ್ನು ಮತ್ತೆ ಕಟ್ಟಿಕೊಂಡರು. ಅಂಗಳದಲ್ಲಿ ಭಿಕ್ಷುಗಳು ಚಪ್ಪಾಳೆ ತಟ್ಟಿ, ನೆಲಕ್ಕೆ ಕಾಲು ಅಪ್ಪಳಿಸಿ ಒಬ್ಬರನ್ನೊಬ್ಬರು ಪ್ರಶ್ನಿಸುತ್ತಾರೆ. ಸುಮ್ನೆ ಒಪ್ಪಿಕೊಳ್ಳುವುದು ಅಲ್ಲಿನ ಓದಿನ ಕ್ರಮವೇ ಅಲ್ಲ.

ಊರು ಬಿಡುವುದಾದರೆ ಬಿಡಿ, ತಪ್ಪಿಲ್ಲ. ಒಳ್ಳೆಯ ಸ್ನೇಹ ಈ ದಾರಿಯ ಅರ್ಧ ಅಂತ ಶಿಷ್ಯ ಆನಂದ ಹೇಳಿದಾಗ, ಪೂರ್ತಿ ದಾರಿಯೇ ಅದು ಅಂತ ಬುದ್ಧ ತಿದ್ದಿದ್ದ. ಅದಕ್ಕೇ ಹೇಳುತ್ತೇನೆ, ಹೋದ ಕಡೆ ಬಾಡಿಗೆ ಮನೆ ಹುಡುಕುವಷ್ಟೇ ಕಾಳಜಿಯಿಂದ, ತಪ್ಪಿದಾಗ ಮುಖಕ್ಕೆ ಹೇಳುವ ಒಬ್ಬಿಬ್ಬರನ್ನೂ ಹುಡುಕಿಕೊಳ್ಳಿ.